ಅಜ್ಜಿಯ ಮಾತು ಅರ್ಜಿಗೆ ಸಾಕ್ಷ್ಯವಾಗುವ ಬಗೆ

ಕಾಡಿನ ಭೂಮಿ, ಉತ್ಪನ್ನಗಳ ಮೇಲಿನ ತಲೆಮಾರುಗಳ ಹಕ್ಕನ್ನು ಗುರುತಿಸಿ ಎಂದು ಕೇಳುವ ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾಗಿ ಬಂದಾಗ ಕಾಡಂಚಿನ ಊರುಗಳಲ್ಲಿ ಹೆಚ್ಚಾಗಿ ಕೇಳಿಬರುವ ಕಾರಣ ಒಂದೇ: ದಾಖಲೆ ಇಲ್ಲ. ದಾಖಲೆ ಎಂದರೆ ಮೊಹರು ಬಿದ್ದ ಕಾಗದವೇ ಆಗಬೇಕು ಎಂದು 2006ರ ಅರಣ್ಯ ಹಕ್ಕು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಕಾಯ್ದೆಯ ಕೆಳಗೆ 2008ರಲ್ಲಿ ಬಂದ ನಿಯಮಗಳ 13ನೇ ನಿಯಮ ತೆಗೆದು ನೋಡಿ. ಗೆಜೆಟಿಯರ್, ಜನಗಣತಿ, ಮತದಾರರ ಚೀಟಿ, ಪಡಿತರ ಚೀಟಿ ಇರುವ ಪಟ್ಟಿಯಲ್ಲೇ ಹಳೆಯ ಬಾವಿ, ಮಸಣ, ದೇವರ ಜಾಗ ಇವೆ, ವಂಶಾವಳಿ ಇದೆ, ಕೊನೆಗೆ ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಇದೆ. ಅಜ್ಜ ಅಜ್ಜಿಯರು ಜಗಲಿಯಲ್ಲಿ ಕೂತು ಹೇಳುವ ಮಾತಿಗೆ ಕಾನೂನೇ ಕೊಟ್ಟಿರುವ ಜಾಗ ಅದು.

ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ. ಹಕ್ಕನ್ನು ತೀರ್ಮಾನಿಸುವಾಗ ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ನೋಡಬೇಕು. ಹಾಗಾಗಿ ಹೇಳಿಕೆ ಒಂದನ್ನೇ ಲಗತ್ತಿಸಿದ ಅರ್ಜಿ ಬಡಕಲು ಅರ್ಜಿ. ಇದಕ್ಕಾಗಿ ಬೇರೆ ಕಾಗದ ಹುಡುಕಿಕೊಂಡು ಅಲೆಯುವ ಮೊದಲು ಕಥೆಯನ್ನೇ ಸರಿಯಾಗಿ ಕೇಳಿಸಿಕೊಳ್ಳಿ. ಒಂದು ಒಳ್ಳೆಯ ಕಥೆಯಿಂದ ಮೂರು ಸಾಕ್ಷ್ಯ ಹುಟ್ಟುತ್ತವೆ. ಮಾತು ಹೇಳಿಕೆಯಾಗುತ್ತದೆ. ಮಾತಿನಲ್ಲಿ ಬರುವ ಜನರು ವಂಶಾವಳಿಯಾಗುತ್ತಾರೆ. ಮಾತಿನಲ್ಲಿ ಬರುವ ಕಲ್ಲು, ಮರ, ಹಳ್ಳ, ಗೋರಿಗಳು ನಕ್ಷೆಯ ಮೇಲಿನ ಗುರುತುಗಳಾಗುತ್ತವೆ. ಈ ಮೂರನ್ನೂ ಬೇರೆಬೇರೆಯಾಗಿ ತೆಗೆದು, ಮತ್ತೆ ಒಂದಕ್ಕೊಂದು ತಾಳೆ ಹಾಕಿ ಕಡತ ಕಟ್ಟುವುದೇ ಈ ಕೆಲಸ.

ಹೀಗೆ ಸಮುದಾಯದ ಹಕ್ಕಿಗೆ, ಅದರ ಕಥೆಗೆ ಮನ್ನಣೆ ಸಿಕ್ಕ ಉದಾಹರಣೆಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಿಗೆ 2011ರಲ್ಲಿ ಸಮುದಾಯ ಹಕ್ಕುಗಳು ಸಿಕ್ಕವು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಒಡಿಶಾದ ನಿಯಮಗಿರಿಯಲ್ಲಿ ಬೆಟ್ಟವೇ ತಮ್ಮ ದೈವ ನಿಯಮರಾಜನ ನೆಲೆ ಎಂದು ಡೊಂಗ್ರಿಯಾ ಕೊಂಡ ಬುಡಕಟ್ಟಿನವರು ವಾದಿಸಿದರು. ಬಾಕ್ಸೈಟ್ ಗಣಿಗಾರಿಕೆ ಅವರ ಧಾರ್ಮಿಕ, ಸಾಂಸ್ಕೃತಿಕ ಹಕ್ಕುಗಳಿಗೆ ಧಕ್ಕೆ ತರುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದು 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆಗಳು ಸೇರಿದವು, 12ರಲ್ಲೂ ಗಣಿ ಬೇಡವೆಂದೇ ತೀರ್ಮಾನವಾಯಿತು. ಕೆನಡಾದಲ್ಲಿ ಗಿಟ್‌ಕ್ಸನ್ ಮತ್ತು ವೆಟ್ಸುವೆಟೆನ್ ಎಂಬ ಮೂಲನಿವಾಸಿ ಜನ ತಮ್ಮ ಮನೆತನಗಳ ಕಥೆ ಹಾಡುಗಳನ್ನೇ ನ್ಯಾಯಾಲಯದ ಮುಂದಿಟ್ಟಿದ್ದರು. ಕೆಳ ನ್ಯಾಯಾಲಯ ಅವಕ್ಕೆ ಬೆಲೆ ಕೊಡಲಿಲ್ಲ. 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಡೆಲ್ಗಮೂಕ್ ಪ್ರಕರಣದಲ್ಲಿ, ಬಾಯಿಮಾತಿನ ಇತಿಹಾಸವನ್ನು ಬರಹದ ದಾಖಲೆಗೆ ಸರಿಸಮನಾಗಿ ಕಾಣಬೇಕು ಎಂದಿತು.

ಯಾವ ಅರ್ಜಿಗೆ ಯಾವ ಕಥೆ

ರೆಕಾರ್ಡಿಂಗ್ ಶುರುಮಾಡುವ ಮುನ್ನ ಎಂಥ ಅರ್ಜಿ ಹಾಕುತ್ತಿದ್ದೀರಿ ಎನ್ನುವುದು ಖಚಿತವಾಗಿರಲಿ. ಒಂದು ಕುಟುಂಬ ಉಳುತ್ತಿರುವ ಭೂಮಿಗಾದರೆ ನಮೂನೆ ಎ. ಜೇನು, ನೆಲ್ಲಿಕಾಯಿ, ಸೀಗೆ ತೆಗೆಯುವುದು, ದನ ಮೇಯಿಸುವುದು, ಮೀನು ಹಿಡಿಯುವುದು, ಇಂಥ ಸಮುದಾಯ ಹಕ್ಕುಗಳಿಗೆ ನಮೂನೆ ಬಿ. ಊರಿನವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕಿಗೆ ನಮೂನೆ ಸಿ. ನಮೂನೆ ಎಗೆ ಬೇಕಾದ ಕಥೆ ಮನೆಯದು: ಯಾರು ಮೊದಲು ಬಂದು ಒಲೆ ಹೂಡಿದರು, ಬದು ಹಾಕಿದವರು ಯಾರು, ಯಾರನ್ನು ಎಲ್ಲಿ ಮಣ್ಣು ಮಾಡಿದರು. ಬಿ ಮತ್ತು ಸಿ ನಮೂನೆಗಳಿಗೆ ಬೇಕಾದದ್ದು ಓಡಾಟದ ಕಥೆ: ಯಾವ ತಿಂಗಳು ಯಾವ ಹಾದಿ ಹಿಡಿದು ಹೋಗುತ್ತಿದ್ದರು, ಎಲ್ಲಿ ನೀರು, ರಾತ್ರಿ ತಂಗುವುದು ಎಲ್ಲಿ, ಯಾವ ಮರದಾಚೆ ಬೇರೆಯವರ ಎಲ್ಲೆ.

ಪರಿಶಿಷ್ಟ ಪಂಗಡದವರ ಭೂಮಿ ಅರ್ಜಿಗೆ ಮುಖ್ಯವಾದ ದಿನ 2005ರ ಡಿಸೆಂಬರ್ 13. ಅದಕ್ಕೂ ಮುಂಚಿನಿಂದ ಅನುಭೋಗದಲ್ಲಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು (ಪರಿಶಿಷ್ಟ ಪಂಗಡಕ್ಕೆ ಸೇರದ, ಕಾಡನ್ನು ನೆಚ್ಚಿ ಬದುಕುವವರು) ಆ ದಿನಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ಮಲೆನಾಡು, ಕರಾವಳಿಗಳ ಅರ್ಜಿಗಳು ಮುಗ್ಗರಿಸುವುದು ಇಲ್ಲಿಯೇ. ಗಮನಿಸಿ, 75 ವರ್ಷದ ಷರತ್ತು ಇರುವುದು ಕಾಡಿನಲ್ಲಿ ನೆಲೆಸಿ ಕಾಡನ್ನು ನೆಚ್ಚಿ ಬದುಕಿದ್ದಕ್ಕೆ. ಅದೇ ತುಂಡು ಭೂಮಿಯನ್ನು 75 ವರ್ಷ ಉತ್ತಿರಬೇಕು ಎಂದು ಅದಕ್ಕೆ ಅರ್ಥವಿಲ್ಲ.

ಯಾರನ್ನು ಮಾತಾಡಿಸಬೇಕು

ನಿಯಮ ಕೇಳುವುದು ಅರ್ಜಿದಾರರಲ್ಲದ ಹಿರಿಯರನ್ನು. ಸಮುದಾಯದ ಅರ್ಜಿಯಲ್ಲಿ ಇಡೀ ಹಾಡಿಯೇ (ಬುಡಕಟ್ಟಿನವರ ಊರು; ಸೋಲಿಗರಲ್ಲಿ ಪೋಡು) ಅರ್ಜಿದಾರ ಎಂದಾಗುವುದರಿಂದ ನಿಮ್ಮೂರಿನ ಹಿರಿಯರ ಜೊತೆಗೆ ಪಕ್ಕದ ಹಾಡಿಯ ಅಥವಾ ಪೋಡಿನ ಹಿರಿಯರ ಹೇಳಿಕೆಯನ್ನೂ ತಪ್ಪದೆ ತೆಗೆದುಕೊಳ್ಳಿ. ನಿಮ್ಮ ಎಲ್ಲೆಯನ್ನು ಪಕ್ಕದವರೇ ಒಪ್ಪಿ ಹೇಳಿದರೆ ಅದರ ತೂಕ ಬೇರೆ. ಎಲ್ಲೆಯ ಬಗ್ಗೆ ತಕರಾರು ಇದ್ದರೂ ಅರ್ಜಿ ಹೋಗುವ ಮೊದಲೇ ಗೊತ್ತಾಗುತ್ತದೆ.

ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡಸರು ಜೊತೆಯಲ್ಲಿದ್ದರೆ ಮಾತು ಬೇಟೆ, ಜಗಳ, ಅಧಿಕಾರಿಗಳ ಕಡೆಗೆ ತಿರುಗುತ್ತದೆ. ಗೆಡ್ಡೆ ಗೆಣಸು, ಸೊಪ್ಪು, ಸೌದೆ, ಬೇಸಿಗೆಯಲ್ಲಿ ಬತ್ತದ ನೀರಿನ ಗುಂಡಿ, ಹೆರಿಗೆಯಾದ ಜಾಗ ಇವೆಲ್ಲ ಹೆಂಗಸರ ನೆನಪಿನಲ್ಲಿ ಇರುತ್ತವೆ. 13ನೇ ನಿಯಮ ಸಮುದಾಯ ಹಕ್ಕಿಗೆ ಕೇಳುವ ಸಾಕ್ಷ್ಯವೂ ಹೆಚ್ಚುಕಡಿಮೆ ಇದೇ: ಗೆಡ್ಡೆ, ಮೇವು, ಕಾಡುಹಣ್ಣು, ಮದ್ದಿನ ಗಿಡ ಸಿಗುವ ಜಾಗಗಳು, ನೀರಿನ ಮೂಲಗಳು, ದೇವರಮರಗಳು. ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳು ತವರಿನ ಅರ್ಜಿಗೆ ಸಾಮಾನ್ಯವಾಗಿ ಅರ್ಜಿದಾರರಲ್ಲ. ಅವರಷ್ಟು ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಇಸವಿ ಹಿಡಿಯುವುದು

"ಯಾವ ವರ್ಷ ಅಜ್ಜಿ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ಅದು ಊಹೆ. ಹೋಗುವ ಮೊದಲೇ ನಿಮ್ಮ ಸೀಮೆಯ ಘಟನೆಗಳ ಒಂದು ಪಟ್ಟಿ ಮಾಡಿಕೊಳ್ಳಿ. ಎಲ್ಲೆಡೆಗೂ ಆಗುವಂಥವು: 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು (ಹಳೆ ಮೈಸೂರಿಗೆ), 1948ರಲ್ಲಿ ಗಾಂಧೀಜಿ ಕೊಲೆಯಾದದ್ದು, 1956ರ ಏಕೀಕರಣ, 1977ರ ಚುನಾವಣೆ. ಹೆಗ್ಗಡದೇವನಕೋಟೆ ಕಡೆ ಕಾಕನಕೋಟೆಯ ಕೊನೆಯ ಖೆಡ್ಡಾ (ಕಾಡಾನೆ ಹಿಡಿಯುವ ಕಾರ್ಯಾಚರಣೆ) 1971, ಕಬಿನಿ ಅಣೆಕಟ್ಟು 1974. ಶರಾವತಿ ಕಡೆ ಲಿಂಗನಮಕ್ಕಿ 1964. ಬಂಡೀಪುರಕ್ಕೆ ಹುಲಿ ಯೋಜನೆ ಬಂದದ್ದು 1973. ಹೆಬ್ಬಿದಿರು ಹೂ ಬಿಟ್ಟು ಅಕ್ಕಿ ಉದುರಿದ ವರ್ಷವನ್ನು ಕಾಡಿನ ಜನ ಮರೆಯುವುದಿಲ್ಲ. ಒಮ್ಮೆ ಹೂ ಬಿಟ್ಟು ಸತ್ತರೆ ಮತ್ತೆ ಹೂ ಕಾಣಲು ಸುಮಾರು 40ರಿಂದ 45 ವರ್ಷ. ನಿಮ್ಮ ಕಾಡಿನಲ್ಲಿ ಅದು ಯಾವ ಇಸವಿ ಎಂಬುದು ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆಗಳಲ್ಲಿ ಸಿಗಬಹುದು.

ಆಮೇಲೆ ಪ್ರಶ್ನೆ ಹೀಗೆ ಕೇಳಿ: "ಅಣೆಕಟ್ಟಿನ ಕೆಲಸ ನಡೆಯುವಾಗ ನಿಮಗೆ ಮದುವೆ ಆಗಿತ್ತಾ ಅಜ್ಜಿ? ಮಕ್ಕಳು ಎಷ್ಟು ಜನ ಆಗಿದ್ರು? ಆಗ ಗುಡಿಸಲು ಎಲ್ಲಿತ್ತು?" ಇಂಥ ಮೂರು ಉತ್ತರ ಕೂಡಿಸಿದರೆ ಐದು ವರ್ಷದ ಆಚೀಚೆಗೆ ಕಾಲ ಸಿಗುತ್ತದೆ. ಬರೆಯುವಾಗ "1972" ಎಂದು ಬರೆಯಬೇಡಿ. "ಕಬಿನಿ ಕಟ್ಟೆ ಮುಗಿಯುವುದಕ್ಕೆ ಸ್ವಲ್ಪ ಮುಂಚೆ, ಮೊದಲ ಮಗು ಕಂಕುಳಲ್ಲಿತ್ತು" ಎಂದು ಅವರ ಮಾತನ್ನೇ ಬರೆದು ಪಕ್ಕದಲ್ಲಿ "ಸುಮಾರು 1970–74" ಎಂದು ಹಾಕಿ.

1930ರ ಪ್ರಶ್ನೆ ಬಂದಾಗ ಇನ್ನೂ ಎಚ್ಚರ ಬೇಕು. ಈಗ 85 ವರ್ಷದವರು ಹುಟ್ಟಿದ್ದೇ 1940ರ ಆಸುಪಾಸು. ಅವರಿಂದ "1930ರಲ್ಲಿ ನೋಡಿದ್ದೇನೆ" ಎಂದು ಬರೆಸಿದರೆ ಆ ಒಂದು ಸಾಲಿನಿಂದ ಇಡೀ ಹೇಳಿಕೆ ಬಿದ್ದುಹೋಗುತ್ತದೆ. ಅವರು ಹೇಳಬಹುದಾದದ್ದು: ನನ್ನ ಅಜ್ಜಿಯ ಹೆಸರು ಇದು, ಆಕೆ ಹುಟ್ಟಿದ್ದು ಇಲ್ಲೇ ಎಂದು ಆಕೆಯ ಬಾಯಿಂದಲೇ ಕೇಳಿದ್ದೇನೆ, ಆಕೆಯನ್ನು ಮಣ್ಣು ಮಾಡಿದ್ದು ಈ ಬಂಡೆಯ ಕೆಳಗೆ, ಅದನ್ನು ನಾನೇ ನೋಡಿದ್ದೇನೆ. ಇಲ್ಲಿಂದ ವಂಶಾವಳಿ ಶುರುವಾಗುತ್ತದೆ. ಕಾಯ್ದೆ ಒಂದು ತಲೆಮಾರಿಗೆ 25 ವರ್ಷ ಹಿಡಿದಿರುವುದರಿಂದ ಹೆಸರು, ಸಂಬಂಧ, ಮಣ್ಣಾದ ಜಾಗ ಗೊತ್ತಿರುವ ನಾಲ್ಕು ತಲೆಮಾರಿನ ಮರ ಬರೆದರೆ ವಾದಕ್ಕೆ ಬೆನ್ನೆಲುಬು ಬರುತ್ತದೆ.

ಕೇಳುವ ಕ್ರಮ

ಇಬ್ಬರು ಹೋಗಿ. ಒಬ್ಬರು ಕೇಳಲಿ, ಒಬ್ಬರು ಬರೆಯಲಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ನಡುವೆ ಒಂದು ಕರೆ ಬಂದು ರೆಕಾರ್ಡಿಂಗ್ ನಿಂತಿರುತ್ತದೆ, ಕೊನೆಯವರೆಗೂ ಅದು ಗೊತ್ತಾಗುವುದಿಲ್ಲ. ಧ್ವನಿ ರೆಕಾರ್ಡರಿನಲ್ಲಿ ವೇವ್ (WAV) ಮಾದರಿ, ಒಂದೇ ಚಾನೆಲ್ (ಮೋನೊ), 44.1 ಕಿಲೋಹರ್ಟ್ಸ್ ಆರಿಸಿದರೆ ನಿಮಿಷಕ್ಕೆ ಸುಮಾರು 5 ಎಂಬಿ, ಗಂಟೆಗೆ 320 ಎಂಬಿಯಷ್ಟು ಜಾಗ ಬೇಕು. ಫೋನನ್ನು ಮಾತಾಡುವವರ ಬಾಯಿಂದ ಒಂದೂವರೆ ಗೇಣಿನ ಒಳಗೆ, ಮಡಿಚಿದ ಟವೆಲ್ ಮೇಲಿಡಿ. ಬರಿ ಹಲಗೆಯ ಮೇಲಿಟ್ಟರೆ ಕೈ ತಾಕಿದ್ದೆಲ್ಲ ಗುಡುಗಿನಂತೆ ದಾಖಲಾಗುತ್ತದೆ. ಹಳ್ಳದ ಪಕ್ಕ ಕೂರಬೇಡಿ. ನೀರಿನ ಸದ್ದು ನಮ್ಮ ಕಿವಿಗೆ ಅಡ್ಡಿಯಾಗದಿದ್ದರೂ ರೆಕಾರ್ಡಿಂಗಿನಲ್ಲಿ ಮಾತನ್ನೇ ನುಂಗುತ್ತದೆ.

ಮೊದಲ ನಿಮಿಷದಲ್ಲಿ ದಿನಾಂಕ, ಜಾಗ, ಹೇಳುವವರ ಹೆಸರು, ಕುಲ, ತಂದೆತಾಯಿ, ಹುಟ್ಟಿದ ಊರು, ಕೂತಿರುವ ಎಲ್ಲರ ಹೆಸರು ಧ್ವನಿಯಲ್ಲೇ ಬರಲಿ. ಒಪ್ಪಿಗೆಯೂ ಅಲ್ಲೇ ಬರಲಿ. "ಈ ಮಾತನ್ನು ಅರ್ಜಿಗೆ ಹಾಕಬಹುದಾ? ಗ್ರಾಮಸಭೆಯಲ್ಲಿ ಓದಬಹುದಾ? ಹೊರಗಿನವರಿಗೆ ಕೇಳಿಸಬಹುದಾ?" ಎಂದು ಮೂರು ಬಗೆಯ ಒಪ್ಪಿಗೆ ಬೇರೆಬೇರೆಯಾಗಿ ಕೇಳಿ. ಒಂದಕ್ಕೆ ಹೂಂ ಅಂದವರು ಇನ್ನೊಂದಕ್ಕೆ ಬೇಡ ಅನ್ನಬಹುದು, ಅದನ್ನು ಹಾಗೆಯೇ ಪಾಲಿಸಬೇಕು.

ಉತ್ತರ ಒಳಗೇ ಇರುವ ಪ್ರಶ್ನೆ ಬೇಡ. "ನೀವು ತಾತನ ಕಾಲದಿಂದ ಇಲ್ಲೇ ಇದ್ದೀರಲ್ವಾ?" ಎಂದರೆ "ಹೂಂ" ಬರುತ್ತದೆ, ಆ ಹೂಂಗೆ ಬೆಲೆ ಇಲ್ಲ. "ನಿಮ್ಮ ತಾತನ ಗುಡಿಸಲಿನ ಬಾಗಿಲಲ್ಲಿ ನಿಂತರೆ ಏನು ಕಾಣ್ತಿತ್ತು?" ಎಂದು ಕೇಳಿ ನೋಡಿ. ಬೆಟ್ಟ, ಮರ, ದಾರಿ, ನೆರೆಮನೆಯವರ ಹೆಸರು ಎಲ್ಲವೂ ಹೊರಗೆ ಬರುತ್ತವೆ. ಫಾರೆಸ್ಟರ್ ದಂಡ ಹಾಕಿದ್ದು, ಗುಡಿಸಲು ಕಿತ್ತದ್ದು, ಇಲಾಖೆಯ ನೆಡುತೋಪಿನಲ್ಲಿ ಕೂಲಿ ಮಾಡಿದ್ದು ಇವನ್ನೂ ವಿವರವಾಗಿ ಕೇಳಿ. ಹಳೆಯ ದಂಡದ ರಸೀದಿ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದರೆ, ಆ ವರ್ಷ ಆ ಜಾಗದಲ್ಲಿ ಅವರು ಇದ್ದರು ಎಂಬುದಕ್ಕೆ ಸರ್ಕಾರದ್ದೇ ಕಾಗದ ಸಿಕ್ಕಂತೆ.

ಬರೆದುಕೊಳ್ಳುವವರು ಹಾಳೆಯಲ್ಲಿ ಮೂರು ಕಾಲಂ ಹಾಕಿಕೊಳ್ಳಲಿ: ಕಣ್ಣಾರೆ ಕಂಡದ್ದು, ಇಂಥವರಿಂದ ಕೇಳಿದ್ದು, ಎಲ್ಲರೂ ಹೇಳುವುದು. ಹೇಳಿಕೆಯ ಗಟ್ಟಿತನವೆಲ್ಲ ಈ ವಿಂಗಡಣೆಯಲ್ಲಿದೆ. ಮೂರನ್ನೂ ಕಲಸಿದ ಹೇಳಿಕೆಯನ್ನು ಒಂದೇ ಪ್ರಶ್ನೆಯಲ್ಲಿ ಮುರಿಯಬಹುದು.

ಪುರಾಣದ ಕಥೆ ಬಂದಾಗ ನಿಲ್ಲಿಸಬೇಡಿ, ಕತ್ತರಿಸಲೂ ಬೇಡಿ. ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗಸ್ವಾಮಿ ಮದುವೆಯಾದ ಕಥೆ ಭೂಮಿಯ ಅಳತೆಗೆ ಸಾಕ್ಷ್ಯವಾಗಲಾರದು. ಆದರೆ ಆ ಕಥೆಗೆ ಅಂಟಿಕೊಂಡ ಜಾಗ, ಪೂಜೆ, ಹರಕೆ, ನಡೆಯುವ ಹಾದಿ ಸಾಕ್ಷ್ಯಗಳೇ. ಬಿಳಿಗಿರಿಯ ದೊಡ್ಡ ಸಂಪಿಗೆ ಮರ ಇಂದಿಗೂ ನಿಂತಿದೆ, ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ. ಆದ್ದರಿಂದ ಪುರಾಣ ಮುಗಿದ ಕೂಡಲೇ ಕೇಳಬೇಕಾದ್ದು: ಅಲ್ಲಿ ಪೂಜೆ ಮಾಡುವ ಕುಲ ಯಾವುದು, ವರ್ಷದಲ್ಲಿ ಯಾವಾಗ, ಯಾವ ದಾರಿಯಲ್ಲಿ ಹೋಗುತ್ತಾರೆ, ಕೊನೆಯ ಸಲ ಯಾವಾಗ ಆಯಿತು, ನಿಂತಿದ್ದರೆ ಯಾಕೆ ನಿಂತಿತು. ಹಾಡನ್ನು ಪೂರ್ತಿ ಹಾಡಿಸಿ. ಮಾತಿನಲ್ಲಿ ಮರೆತುಹೋದ ಜಾಗದ ಹೆಸರುಗಳು ಹಾಡಿನಲ್ಲಿ ಉಳಿದಿರುತ್ತವೆ.

ಒಂದು ಸಲ ಕೂತರೆ 45 ನಿಮಿಷ ಸಾಕು. ಹಿರಿಯರು ದಣಿದ ಮೇಲೆ ಬರುವ ಮಾತುಗಳಲ್ಲಿ ಕಾಲ, ಹೆಸರು ಅದಲುಬದಲಾಗುತ್ತವೆ.

ಬರಹಕ್ಕೆ ಇಳಿಸುವುದು

ಒಂದು ಗಂಟೆಯ ಮಾತು ಬರೆಯಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಆಡಿದ ನುಡಿಯಲ್ಲೇ ಬರೆಯಿರಿ. ಸೋಲಿಗ ನುಡಿಯೋ ಜೇನು ಕುರುಬ ನುಡಿಯೋ ಹವ್ಯಕವೋ ಹಾಲಕ್ಕಿಗಳ ಮಾತೋ ಯಾವುದಾದರೂ ಸರಿ. ಕಚೇರಿಗಾಗಿ ಶಿಷ್ಟ ಕನ್ನಡದ ಪಾಠವನ್ನು ಪಕ್ಕದಲ್ಲಿ ಕೊಡಿ, ಮೂಲವನ್ನು ತೆಗೆಯಬೇಡಿ. ಐದೈದು ನಿಮಿಷಕ್ಕೆ ಸಮಯ ನಮೂದಿಸಿ. ಕೇಳಿಸದಿದ್ದಲ್ಲಿ "ಕೇಳಿಸಲಿಲ್ಲ" ಎಂದೇ ಬರೆಯಿರಿ, ಊಹಿಸಿ ತುಂಬಬೇಡಿ.

ಆಮೇಲೆ ಇದರಿಂದ ಹೇಳಿಕೆ ತಯಾರಿಸಿ, ಎರಡು ಪುಟ ಮೀರದಂತೆ. ಮಾದರಿ ಹೀಗಿರಬಹುದು:

"ನಾನು ______, ವಯಸ್ಸು ಸುಮಾರು 80, ______ ಹಾಡಿಯ ವಾಸಿ. ನನ್ನ ತವರು ______ ಹಾಡಿ. ಈ ಅರ್ಜಿಯಲ್ಲಿ ನಾನು ಅರ್ಜಿದಾರಳಲ್ಲ. ಕಣ್ಣಾರೆ ಕಂಡದ್ದು: ಕಾಕನಕೋಟೆಯ ಕೊನೆಯ ಖೆಡ್ಡಾಕ್ಕೂ ಮುಂಚೆ, ನಾನು ಮದುವೆಯಾಗುವ ಮೊದಲು, ನಮ್ಮ ಅಪ್ಪನ ಗುಡಿಸಲು ______ ಹಳ್ಳದ ಬಲಕ್ಕೆ ಇತ್ತು (ನಕ್ಷೆಯಲ್ಲಿ ಗುರುತು 4). ಸುತ್ತ ಆರು ಗುಡಿಸಲು ಇದ್ದವು. ಅವುಗಳಲ್ಲಿ ಇದ್ದವರು ______. ರಾಗಿ ಬಿತ್ತುತ್ತಿದ್ದೆವು. ನನ್ನ ಅಜ್ಜಿಯನ್ನು ______ ಬಂಡೆಯ ಕೆಳಗೆ ಮಣ್ಣು ಮಾಡಿದಾಗ ನಾನು ಅಲ್ಲಿದ್ದೆ (ಗುರುತು 7). ಅಜ್ಜಿಯಿಂದ ಕೇಳಿದ್ದು: ಆಕೆಯೂ ಆಕೆಯ ತಾಯಿಯೂ ಹುಟ್ಟಿದ್ದು ಇಲ್ಲೇ. ಇದನ್ನು ನನ್ನ ನುಡಿಯಲ್ಲಿ ಓದಿ ಹೇಳಿದರು, ನಾನು ಹೇಳಿದ ಹಾಗೇ ಇದೆ."

ಕೆಳಗೆ ಸಹಿ ಅಥವಾ ಎಡಗೈ ಹೆಬ್ಬೆಟ್ಟು, ಓದಿ ಹೇಳಿದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ದಿನಾಂಕ. ನೋಟರಿ, ಅಫಿಡವಿಟ್ಟು, ಛಾಪಾ ಕಾಗದ ಬೇಕೆಂದು ಯಾರಾದರೂ ಕೇಳಿದರೆ 13ನೇ ನಿಯಮ ತೋರಿಸಿ. ಹಿರಿಯರ ಹೇಳಿಕೆಗೆ ಅಂಥ ಷರತ್ತು ಅಲ್ಲಿಲ್ಲ. ವಯಸ್ಸನ್ನು ಮತದಾರರ ಚೀಟಿಯೊಂದಿಗೆ ಹೋಲಿಸಿ ನೋಡಿ. ಚೀಟಿಯಲ್ಲಿ 62, ಹೇಳಿಕೆಯಲ್ಲಿ 80 ಎಂದಿದ್ದರೆ ವ್ಯತ್ಯಾಸಕ್ಕೆ ಕಾರಣವನ್ನು ಹೇಳಿಕೆಯಲ್ಲೇ ಒಂದು ಸಾಲಿನಲ್ಲಿ ಬರೆಯಿರಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಒಂದೇ ಹೇಳಿಕೆಯನ್ನು ಜೆರಾಕ್ಸ್ ಮಾಡಿ ಇಪ್ಪತ್ತು ಜನರಿಂದ ಹೆಬ್ಬೆಟ್ಟು ಒತ್ತಿಸುವುದು. ಅರ್ಜಿ ಪರಿಶೀಲಿಸುವ ಸಮಿತಿಯವರು ಎರಡನೇ ಹಾಳೆಗೇ ಅದನ್ನು ಹಿಡಿಯುತ್ತಾರೆ, ನಿಜ ಹೇಳಿದವರ ಮಾತೂ ಸುಳ್ಳೆನಿಸುತ್ತದೆ. ಇಪ್ಪತ್ತು ನಕಲಿಗಿಂತ ತಮ್ಮ ತಮ್ಮ ಮಾತಿನಲ್ಲಿರುವ ನಾಲ್ಕು ಹೇಳಿಕೆ ಮೇಲು. ಅವುಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸವಿದ್ದರೆ ಇರಲಿ.

ಇನ್ನು ಬಿಡಬೇಕಾದದ್ದು. ಬೇಟೆ, ಉರುಳು, ಬಲೆಗಳ ಕಥೆ ಹೇಳಿಕೆಯೊಳಗೆ ಬರಬಾರದು. ಬೇಟೆಯಾಡುವುದು, ಉರುಳೊಡ್ಡುವುದು ಅರಣ್ಯ ಹಕ್ಕಿನೊಳಗೆ ಸೇರುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ಆ ಮಾತು ಹೇಳಿದವರ ಮೇಲೇ ತಿರುಗಬಹುದು. ಗುಟ್ಟಾಗಿ ಇಡಬೇಕಾದ ದೇವರ ಜಾಗ, ಮದ್ದಿನ ಗಿಡದ ಉಪಯೋಗ ಇವೂ ಬೇಡ. ಕಡತ ಒಮ್ಮೆ ಕಚೇರಿ ಸೇರಿದರೆ ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು. ಮದ್ದು ಸಂಗ್ರಹಿಸುವ ಪ್ರದೇಶವನ್ನು ತೋರಿಸಿದರೆ ಸಾಕು, ಯಾವ ಬೇರು ಯಾವ ರೋಗಕ್ಕೆ ಎಂಬುದು ಅರ್ಜಿಗೆ ಬೇಕಿಲ್ಲ.

ಕಥೆಯ ಜಾಡಿನಲ್ಲಿ ನಡೆಯುವುದು

ಹಿರಿಯರು ನಡೆಯುವ ಸ್ಥಿತಿಯಲ್ಲಿದ್ದರೆ ಜೊತೆಗೇ ಹೋಗಿ, ಇಲ್ಲದಿದ್ದರೆ ಅವರು ತೋರಿಸಿದ ಕಿರಿಯರೊಡನೆ. ಪ್ರತಿ ಜಾಗದಲ್ಲೂ ಫೋನಿನ ಜಿಪಿಎಸ್ ಹಿಡಿದು ಎರಡು ಮೂರು ನಿಮಿಷ ನಿಲ್ಲಿ. ದಟ್ಟ ಮರದಡಿ ಮೊದಲ ಅಂಕಿ ಹತ್ತಾರು ಮೀಟರ್ ಆಚೀಚೆ ಇರುತ್ತದೆ, ಮೂರು ಸಲ ಓದಿ ನಡುವಿನದನ್ನು ಬರೆದುಕೊಳ್ಳಿ. ಎರಡು ಫೋಟೊ ಬೇಕು: ಗುರುತಿನ ಹತ್ತಿರದ್ದೊಂದು, ಹಿಂದಿನ ಬೆಟ್ಟವೋ ಹಳ್ಳವೋ ಕಾಣುವಂತೆ ದೂರದ್ದೊಂದು. ಹೇಳಿಕೆ, ನಕ್ಷೆ, ಫೋಟೊ ಮೂರರಲ್ಲೂ ಗುರುತಿನ ಸಂಖ್ಯೆ ಒಂದೇ ಇರಲಿ. ಜಾಗದ ಹೆಸರು ಹಿರಿಯರು ಹೇಳುವಂತೆಯೇ ಇರಲಿ, ಇಲಾಖೆಯ ಹೆಸರು ಬೇರೆಯಿದ್ದರೆ ಅದನ್ನು ಕಂಸದಲ್ಲಿ ಹಾಕಿ.

ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಸ್ಥಳ ಪರಿಶೀಲನೆಗೆ ಬರುವಾಗ ಇದೇ ಜಾಡಿನಲ್ಲಿ ನಡೆಸಿ. ಪರಿಶೀಲನೆಯ ದಿನವನ್ನು ಅರಣ್ಯ ಇಲಾಖೆಗೆ ಮೊದಲೇ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಅವರು ಬಾರದಿದ್ದರೆ ಬಾರದಿದ್ದುದನ್ನೂ ಮಹಜರಿನಲ್ಲಿ ಬರೆಯಿರಿ.

ಗ್ರಾಮಸಭೆಯಲ್ಲಿ, ಆಮೇಲೆ

ಹೇಳಿಕೆಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಅಲ್ಲೇ ತಿದ್ದುಪಡಿಯಾಗುತ್ತದೆ, ಮರೆತ ಹೆಸರು ಹಿಂದಿನ ಸಾಲಿನಿಂದ ಬರುತ್ತದೆ. ನಿಯಮಗಳ 2012ರ ತಿದ್ದುಪಡಿಯ ಪ್ರಕಾರ ಕೋರಂಗೆ (ಸಭೆಗೆ ಬೇಕಾದ ಕನಿಷ್ಠ ಹಾಜರಿಗೆ) ಸದಸ್ಯರಲ್ಲಿ ಅರ್ಧದಷ್ಟು ಜನ ಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಕ್ಕಿನ ಅರ್ಜಿಗಳ ಮೇಲೆ ಠರಾವು ಮಾಡುವಾಗ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಹಾಜರಿ ಸಹಿಗಳಿಲ್ಲದ ನಡಾವಳಿಯಿಂದ ಎಷ್ಟು ಒಳ್ಳೆಯ ಹೇಳಿಕೆಯೂ ವ್ಯರ್ಥವಾಗುತ್ತದೆ. ಠರಾವಿನಲ್ಲಿ "ಹಿರಿಯರ ಹೇಳಿಕೆ ಪುಟ 5ರಿಂದ 12, ವಂಶಾವಳಿ ಪುಟ 13, ಮಸಣ ಮತ್ತು ದೇವರ ಜಾಗಗಳ ಫೋಟೊ ಪುಟ 14ರಿಂದ 20" ಎಂದು ಒಂದೊಂದನ್ನೂ ಹೆಸರಿಸಿ. ಪೂರ್ತಿ ಕಡತದ ಒಂದು ಪ್ರತಿ ಊರಿನಲ್ಲಿ ಉಳಿಯಲಿ. ರೆಕಾರ್ಡಿಂಗಿನ ಮೂರು ಪ್ರತಿ ಮಾಡಿ, ಒಂದು ಹೇಳಿದವರ ಮನೆಗೆ.

ಗ್ರಾಮಸಭೆಯ ಠರಾವು ಹೋಗುವ ಉಪವಿಭಾಗ ಮಟ್ಟದ ಸಮಿತಿಯಿಂದ ತಿರಸ್ಕಾರ ಬಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಅದು ನಿಮ್ಮ ಹಕ್ಕು. ಆದೇಶದ ದಿನದಿಂದ 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲರ್ಜಿ ಹೋಗಬೇಕು. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿ, ಅದೇ ತಿಂಗಳ 28ರಂದು ತಡೆಹಿಡಿದದ್ದು ನೆನಪಿರಲಿ. ತಿರಸ್ಕಾರದ ಪತ್ರವನ್ನು ಗೂಡಿನಲ್ಲಿಟ್ಟು ಸುಮ್ಮನಿರುವುದು ಅಪಾಯ. "ದಾಖಲೆ ಇಲ್ಲ" ಎಂದಷ್ಟೇ ಕಾರಣ ಬರೆದಿದ್ದರೆ, ಇಂಥದ್ದೇ ದಾಖಲೆ ಬೇಕೆಂದು ಸಮಿತಿಗಳು ಹಠ ಹಿಡಿಯುವಂತಿಲ್ಲ ಎನ್ನುವ 12ಎ ನಿಯಮವನ್ನು ಮೇಲರ್ಜಿಯ ಮೊದಲ ಪ್ಯಾರಾದಲ್ಲೇ ಹಾಕಿ. "ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ" ಎಂದಿದ್ದರೆ, ಉಪಗ್ರಹ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಬದಲಿಗೆ ನಿಲ್ಲುವಂತಿಲ್ಲ ಎಂಬ ಅಂಶವೂ ಅದೇ ನಿಯಮದಲ್ಲಿದೆ. ಮೇಲರ್ಜಿಯ ಜೊತೆಗೆ ಹೊಸದಾಗಿ ಒಂದಿಬ್ಬರು ಹಿರಿಯರ ಹೇಳಿಕೆ ಸೇರಿಸಿ. ವಿಚಾರಣೆಗೆ ಕರೆದ ದಿನ, ಬರಲು ಆಗುವುದಾದರೆ, ಅವರನ್ನೇ ಕರೆದುಕೊಂಡು ಹೋಗಿ, ಅವರ ನುಡಿ ಬಲ್ಲವರೊಬ್ಬರು ಪಕ್ಕದಲ್ಲಿರಲಿ.